ನಿಮ್ಮ ಓಟು ಬೀರುವಿನಲ್ಲಿ, ಪಾಸ್‌ಪೋರ್ಟಿನ ಜೊತೆ ಕೂತಿದೆ

ಕೇಂಬೋರ್ನ್
ನವೆಂಬರ್ 2025

ಇಂಗ್ಲೆಂಡಿನ ಸೌತ್ ಕೇಂಬ್ರಿಜ್‌ಶೈರ್‌ನಲ್ಲಿರುವ ಕನ್ನಡಿಗ ನೆರೆಹೊರೆಯವರಿಗೆಲ್ಲ ನಮಸ್ಕಾರ.

ಮೊನ್ನೆ ರಾಜ್ಯೋತ್ಸವಕ್ಕೆ ಸೇರಿದ್ದೆವಲ್ಲ, ಬಿಸಿಬೇಳೆಬಾತ್ ತಟ್ಟೆ ಹಿಡಿದುಕೊಂಡು ಏನೇನು ಮಾತಾಡಿದೆವು ನೆನಪಿದೆಯಾ? ಮುಕ್ಕಾಲು ಗಂಟೆ ಬೆಂಗಳೂರಿನ ರಸ್ತೆ ಗುಂಡಿ. ಅರ್ಧ ಗಂಟೆ ಬಿಹಾರದ ಚುನಾವಣೆ. ಕೊನೆಗೆ ಯಾರೋ ಇಲ್ಲಿನ ಕಸದ ನೀಲಿ ಬಿನ್ನು, ಕಪ್ಪು ಬಿನ್ನಿನ ವಿಷಯ ತೆಗೆದರು. ಆಗ ನಾನು ಸುಮ್ನೆ ಕೇಳಿದೆ, ಇಲ್ಲಿನ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತದ ಚುನಾವಣೆಯಲ್ಲಿ ಯಾರ್ಯಾರು ಓಟು ಹಾಕಿದ್ದೀರಿ ಅಂತ. ಹದಿನಾಲ್ಕು ಜನರಲ್ಲಿ ಮೂರು ಕೈ ಮೇಲೆ ಬಂದವು. ಒಬ್ಬರು, ‘ನಮ್ಮದಿನ್ನೂ ಇಂಡಿಯನ್ ಪಾಸ್‌ಪೋರ್ಟು, ನಮಗೆಲ್ಲಿಯ ಓಟು?’ ಅಂದರು. ಉಳಿದವರೂ ಹೌದೌದು ಅಂದರು.

ಅವತ್ತು ಮಕ್ಕಳ ಡ್ಯಾನ್ಸ್ ಶುರುವಾಗಿಬಿಟ್ಟಿತು, ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಈ ಪತ್ರ.

ನಿಮಗೆ ಓಟು ಇದೆ. ಭಾರತ ಕಾಮನ್‌ವೆಲ್ತ್ ದೇಶ. ಹದಿನೆಂಟು ತುಂಬಿದ, ಇಲ್ಲಿ ವಾಸ ಮಾಡುವ, ಸರಿಯಾದ ವೀಸಾ ಇರುವ ಕಾಮನ್‌ವೆಲ್ತ್ ಪ್ರಜೆ ಇಂಗ್ಲೆಂಡಿನಲ್ಲಿ ಎಲ್ಲ ಚುನಾವಣೆಯಲ್ಲೂ ಓಟು ಹಾಕಬಹುದು. ಪಾರ್ಲಿಮೆಂಟಿಗೂ ಹಾಕಬಹುದು, ನಮ್ಮ ಡಿಸ್ಟ್ರಿಕ್ಟ್ ಕೌನ್ಸಿಲ್‌ಗೂ ಹಾಕಬಹುದು. ವರ್ಕ್ ವೀಸಾ ಆದರೂ ಸರಿ, ಓದಲು ಬಂದ ಮಗುವಿನ ಸ್ಟೂಡೆಂಟ್ ವೀಸಾ ಆದರೂ ಸರಿ. ಬ್ರಿಟಿಷ್ ಪಾಸ್‌ಪೋರ್ಟ್ ಬರುವ ತನಕ ಕಾಯಬೇಕಿಲ್ಲ. ಅತ್ತ ಊರಿನ ಓಟಿನ ಕಥೆ ನೋಡಿ. ಅನಿವಾಸಿಯಾಗಿ ಹೆಸರು ಸೇರಿಸಿದರೂ, ಪಾಸ್‌ಪೋರ್ಟ್ ಹಿಡಿದುಕೊಂಡು ಊರಿನ ಬೂತಿಗೆ ಖುದ್ದಾಗಿ ಹೋಗಬೇಕು. ಅಂದರೆ ಒಂದು ಓಟಿಗೆ ಒಂದು ವಿಮಾನದ ಟಿಕೆಟ್ಟು. ಇಲ್ಲಿ ಬೂತಿಗೆ ನಡೆದೇ ಹೋಗಬಹುದು.

ನನಗೂ ಇದು ಗೊತ್ತಿರಲಿಲ್ಲ. ಬಂದ ಹೊಸದರಲ್ಲಿ ಕೌನ್ಸಿಲಿನಿಂದ ‘ಈ ಮನೆಯಲ್ಲಿ ಯಾರ್ಯಾರಿದ್ದೀರಿ’ ಎಂದು ಕೇಳುವ ಕಾಗದ ಬಂದಿತ್ತು. ಪಿಜ್ಜಾ ಅಂಗಡಿಯ ಜಾಹೀರಾತಿನ ಜೊತೆ ಅದನ್ನೂ ಬಿನ್ನಿಗೆ ಹಾಕಿದ್ದೆ. ಎರಡು ಸಲ! ಮೂರನೇ ಸಲ ಕಾಗದದ ಕೆಳಗೆ ಬರೆದದ್ದನ್ನು ಪೂರ್ತಿ ಓದಿದೆ. ಉತ್ತರ ಕೊಡದಿದ್ದರೆ 1,000 ಪೌಂಡ್‌ವರೆಗೆ ದಂಡ ಬೀಳಬಹುದು ಅಂತ ಇತ್ತು. ಪ್ರಜಾಪ್ರಭುತ್ವದ ಬಗ್ಗೆ ನನಗೆ ಅವತ್ತು ಹುಟ್ಟಿದ ಪ್ರೀತಿಗೆ ಅರ್ಧ ಕಾರಣ ಆ ಸಾಲು ಅಂತ ಒಪ್ಪಿಕೊಳ್ಳುತ್ತೇನೆ.

ಉಳಿದ ಅರ್ಧ ಕಾರಣ ಈ ಕೌನ್ಸಿಲಿನ ಇತಿಹಾಸ. ಓದುತ್ತಾ ಹೋದ ಹಾಗೆ ರುಚಿ ಹತ್ತಿತು. ಸ್ವಲ್ಪ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಆರಿಸಿ ಬಂದ ಡಿಸ್ಟ್ರಿಕ್ಟ್ ಕೌನ್ಸಿಲ್ ಅಂತ ಶುರುವಾದದ್ದು 1894ರ ಕಾಯ್ದೆಯಿಂದ. ಅದೇ ವರ್ಷ ಡಿಸೆಂಬರ್‌ನಲ್ಲಿ ಮೊದಲ ಚುನಾವಣೆ ನಡೆಯಿತು. ಅಲ್ಲಿಯವರೆಗೆ ಹಳ್ಳಿಯ ವ್ಯವಹಾರ ಜಮೀನ್ದಾರರು, ಚರ್ಚಿನ ಪಾದ್ರಿಗಳು, ಮ್ಯಾಜಿಸ್ಟ್ರೇಟರು, ಬಡವರ ನಿಧಿ ನೋಡಿಕೊಳ್ಳುವ ಮಂಡಳಿಯವರ ಕೈಯಲ್ಲಿತ್ತು. ಆ ಕಾಯ್ದೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಅಂಶ ಇದೆ. ಮದುವೆಯಾದ ಹೆಂಗಸರೂ ಓಟು ಹಾಕಬಹುದು, ಪ್ಯಾರಿಷ್ (ಹಳ್ಳಿ ಮಟ್ಟದ) ಮತ್ತು ಡಿಸ್ಟ್ರಿಕ್ಟ್ ಕೌನ್ಸಿಲಿಗೆ ನಿಲ್ಲಲೂಬಹುದು ಎಂದು ಅದು ಹೇಳಿತು. ಪಾರ್ಲಿಮೆಂಟಿಗೆ ಓಟು ಹಾಕಲು ಇದೇ ದೇಶದ ಹೆಂಗಸರು 1918ರ ತನಕ ಕಾಯಬೇಕಾಯಿತು. ಚರಂಡಿ, ಬಾವಿ, ಬಡವರ ಊಟದ ವಿಷಯಕ್ಕೆ ಹೆಂಗಸರ ಮಾತು ನಡೆಯುತ್ತದೆ, ಸಾಮ್ರಾಜ್ಯದ ವಿಷಯಕ್ಕೆ ನಡೆಯುವುದಿಲ್ಲ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು ಅನ್ನಿ. ಆದರೂ ದೊಡ್ಡ ಬಾಗಿಲು ತೆರೆಯುವ ಎಷ್ಟೋ ಮೊದಲು ಈ ಪುಟ್ಟ ಬಾಗಿಲು ತೆರೆದಿತ್ತು.

ಬಡವರಿಗೆ ಮಾತ್ರ ಆ ಬಾಗಿಲು ಪೂರ್ತಿ ತೆರೆದಿರಲಿಲ್ಲ. ಮನೆ, ಜಾಗ ಹಿಡಿದು ತೆರಿಗೆ ಕಟ್ಟುವವರಿಗೆ ಸ್ಥಳೀಯ ಓಟು. ಅಪ್ಪ ಅಮ್ಮನ ಜೊತೆ ಇರುವ ಬೆಳೆದ ಮಗನಿಗೆ ಪಾರ್ಲಿಮೆಂಟಿನ ಓಟು ಸಿಕ್ಕ ಮೇಲೂ ಕೌನ್ಸಿಲಿನ ಓಟು ಸಿಕ್ಕಿರಲಿಲ್ಲ. ಅದು ಸರಿಯಾದದ್ದು 1945ರಲ್ಲಿ. ಹದಿನೆಂಟಕ್ಕೆ ಓಟು ಅಂತ ಆದದ್ದು 1969ರ ಕಾಯ್ದೆಯಲ್ಲಿ. ಓಟಿನ ಚೀಟಿಯ ಮೇಲೆ ಅಭ್ಯರ್ಥಿಯ ಹೆಸರಿನ ಪಕ್ಕ ಪಾರ್ಟಿಯ ಹೆಸರು ಹಾಕಲು ಬಿಟ್ಟದ್ದೂ ಅದೇ ಕಾಯ್ದೆ. ಅದೂ ಆರು ಪದಗಳ ಮಿತಿಯೊಳಗೆ. ಅದಕ್ಕೂ ಮುಂಚೆ ಯಾರು ಯಾವ ಪಾರ್ಟಿ ಅಂತ ಮನೆಯಿಂದಲೇ ನೆನಪಿಟ್ಟುಕೊಂಡು ಹೋಗಬೇಕಿತ್ತು.

ಈಗ ನಮ್ಮ ಜಾಗಕ್ಕೆ ಬರೋಣ. ಕೇಂಬ್ರಿಜ್ ನಗರದ ಸುತ್ತ ಎರಡು ಹಳೆಯ ಗ್ರಾಮೀಣ ಜಿಲ್ಲೆಗಳಿದ್ದವು. ಒಂದು ಚೆಸ್ಟರ್‌ಟನ್. ಇನ್ನೊಂದು ಸೌತ್ ಕೇಂಬ್ರಿಜ್‌ಶೈರ್ ಗ್ರಾಮೀಣ ಜಿಲ್ಲೆ. ಈ ಎರಡನೆಯದೂ 1934ರಲ್ಲಿ ಲಿಂಟನ್, ಮೆಲ್ಬರ್ನ್, ಕ್ಯಾಕ್ಸ್‌ಟನ್ ಕಡೆಯ ಚಿಕ್ಕ ಜಿಲ್ಲೆಗಳನ್ನು ಒಟ್ಟು ಹಾಕಿ ಮಾಡಿದ್ದು. 1972ರಲ್ಲಿ ಸರ್ಕಾರ ಇಡೀ ದೇಶದ ಸ್ಥಳೀಯ ಆಡಳಿತದ ನಕ್ಷೆಯನ್ನೇ ಹೊಸದಾಗಿ ಬರೆಯಿತು. ಲಂಡನ್ ಮತ್ತು ದೊಡ್ಡ ಮಹಾನಗರ ಪ್ರದೇಶಗಳನ್ನು ಬಿಟ್ಟು ಇಂಗ್ಲೆಂಡಿನಲ್ಲಿ 296 ಡಿಸ್ಟ್ರಿಕ್ಟ್‌ಗಳಾದವು. ಆ ಎರಡು ಹಳೆಯ ಜಿಲ್ಲೆ ಸೇರಿ ಆದ ನಮ್ಮದೂ ಅದರಲ್ಲಿ ಒಂದು. 1973ರ ಜೂನ್ 7ರಂದು ಮೊದಲ ಚುನಾವಣೆ. ಗೆದ್ದವರು ಹಳೆಯ ಕೌನ್ಸಿಲ್‌ಗಳ ಪಕ್ಕದಲ್ಲೇ ಕೂತು ಹತ್ತು ತಿಂಗಳು ತಯಾರಿ ಮಾಡಿಕೊಂಡರು. 1974ರ ಏಪ್ರಿಲ್ 1ಕ್ಕೆ ಅಧಿಕಾರ ಕೈಗೆ ಬಂತು. ಏಪ್ರಿಲ್ ಒಂದರಂದೇ ಯಾಕೆ ಅಂತ ನಗಬೇಡಿ, ಇಲ್ಲೂ ಹಣಕಾಸಿನ ವರ್ಷ ಅವತ್ತೇ ಶುರು.

ನಕ್ಷೆ ನೋಡಿದರೆ ನಮ್ಮ ಡಿಸ್ಟ್ರಿಕ್ಟ್ ಉದ್ದಿನ ವಡೆಯ ಹಾಗಿದೆ. ನಡುವಿನ ತೂತು ಕೇಂಬ್ರಿಜ್ ನಗರ. ಅದಕ್ಕೆ ಬೇರೆ ಕೌನ್ಸಿಲ್, ಬೇರೆ ರಾಜಕೀಯ. ಸುತ್ತಲಿನ ವಡೆ ನಾವು. ಹಿಸ್ಟನ್, ಸಾಸ್ಟನ್, ಲಿಂಟನ್, ಬಾರ್ ಹಿಲ್, ವಾಟರ್‌ಬೀಚ್, ಗ್ಯಾಮ್ಲಿಂಗೇ ಎಲ್ಲ ಸೇರಿ 2021ರ ಜನಗಣತಿಯಲ್ಲಿ ಸುಮಾರು 1,62,000 ಜನ. ವಡೆಯೊಳಗೆ ಒಂದು ದೊಡ್ಡ ಪೇಟೆಯೂ ಇಲ್ಲ. ಕೌನ್ಸಿಲಿನ ಕಚೇರಿಯೇ ಬಹಳ ವರ್ಷ ಪಕ್ಕದ ಕೇಂಬ್ರಿಜ್ ನಗರದೊಳಗೆ ಇತ್ತು. 2004ರಲ್ಲಿ ನಮ್ಮ ಕೇಂಬೋರ್ನ್‌ಗೆ ಬಂತು. ಈ ಕೇಂಬೋರ್ನ್ ಕೂಡ ಕೇಂಬ್ರಿಜ್ ಮತ್ತು ಬೋರ್ನ್ ಎಂಬ ಹಳ್ಳಿಯ ಹೆಸರು ಕೂಡಿಸಿ ಕಟ್ಟಿದ ಹೆಸರು. ಇಲ್ಲಿ ಮನೆ ಕಟ್ಟಲು ಶುರು ಮಾಡಿದ್ದೇ 1998ರಲ್ಲಿ. ಹಾಗಾಗಿ ‘ಇಲ್ಲಿ ಎಲ್ಲರೂ ತಲೆತಲಾಂತರದಿಂದ ಇರುವವರು, ನಾವು ಮಾತ್ರ ನಿನ್ನೆ ಬಂದವರು’ ಎಂಬ ಸಂಕೋಚ ಕೇಂಬೋರ್ನ್‌ನಲ್ಲಾದರೂ ಬೇಡ. ಇಲ್ಲಿ ಬಹುಪಾಲು ಎಲ್ಲರೂ ನಿನ್ನೆ ಬಂದವರೇ. ಪಕ್ಕದ ಹೊಸ ಊರು ನಾರ್ತ್‌ಸ್ಟೋನವರದ್ದಂತೂ ಇನ್ನೂ ಹೊಸದು, ಮೊದಲ ಮನೆಯವರು ಬಂದದ್ದು 2017ರಲ್ಲಿ.

ಮೊದಲ ಕಾಲದಲ್ಲಿ ಈ ಕೌನ್ಸಿಲಿನಲ್ಲಿ ಪಕ್ಷೇತರರದ್ದೇ ದೊಡ್ಡ ಬಲ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲವಲ್ಲ, ಇಲ್ಲಿ ಅಂಥ ಕಾನೂನು ಇರಲಿಲ್ಲ. ರೂಢಿಯೇ ಹಾಗಿತ್ತು. ‘ಚರಂಡಿಗೆ ಯಾವ ಪಾರ್ಟಿ?’ ಎಂಬ ಭಾವನೆ. ಊರಿಗೆ ಗೊತ್ತಿರುವ ರೈತ, ನಿವೃತ್ತ ಮೇಷ್ಟ್ರು, ಅಂಗಡಿಯವರು ನಿಲ್ಲುತ್ತಿದ್ದರು. ಕೇಳಲು ಚೆನ್ನಾಗಿದೆ. ಆದರೆ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಆಗ ಎಷ್ಟೋ ಕಡೆ ಒಬ್ಬರೇ ನಾಮಪತ್ರ ಹಾಕಿ ಅವಿರೋಧವಾಗಿ ಗೆಲ್ಲುವುದೂ ಮಾಮೂಲಾಗಿತ್ತು. ಅಂದರೆ ಜನರಿಗೆ ಓಟು ಹಾಕುವ ಪ್ರಸಂಗವೇ ಬರುತ್ತಿರಲಿಲ್ಲ. ನಮ್ಮೂರಿನ ಕಡೆ ಹಿರಿಯರು ಕೂತು ‘ಈ ಸಲ ಇವನೇ ಇರಲಿ’ ಅಂದ ಹಾಗೆ. ನನ್ನನ್ನು ಕೇಳಿದರೆ, ಪಾರ್ಟಿಗಳು ಬಂದು ಜಗಳ ಆಡಿದ್ದು ಹಳ್ಳಿಗೆ ಒಳ್ಳೆಯದೇ ಆಯಿತು. ಜಗಳ ಇದ್ದರೆ ತಾನೇ ಬಾಗಿಲು ತಟ್ಟಿ ನಮ್ಮನ್ನು ಕೇಳುವುದು?

ಆಮೇಲೆ ಪಕ್ಷೇತರರು ಕರಗುತ್ತಾ ಬಂದರು. ಕನ್ಸರ್ವೇಟಿವ್, ಲಿಬರಲ್ ಡೆಮಾಕ್ರಾಟ್ ಪಾರ್ಟಿಗಳು ಬೆಳೆದವು. ಕೆಲವು ಕಾಲ ಯಾರಿಗೂ ಬಹುಮತವಿಲ್ಲದೆ ನಡೆಯಿತು. 2007ರಲ್ಲಿ ಕನ್ಸರ್ವೇಟಿವ್ ಪಾರ್ಟಿಗೆ ಬಹುಮತ ಬಂತು. 2018ರವರೆಗೂ ಅವರದೇ ಕಾರುಬಾರು. ಆಗ ಇಲ್ಲಿ 57 ಕೌನ್ಸಿಲರುಗಳಿದ್ದರು. ಎಲ್ಲ ಸ್ಥಾನಕ್ಕೂ ಒಟ್ಟಿಗೆ ಚುನಾವಣೆ ಆಗುತ್ತಿರಲಿಲ್ಲ. ಒಂದು ವರ್ಷ ಮೂರನೇ ಒಂದು ಪಾಲು, ಮರುವರ್ಷ ಇನ್ನೊಂದು ಪಾಲು. ನಾಲ್ಕನೇ ವರ್ಷ ಡಿಸ್ಟ್ರಿಕ್ಟ್‌ಗಿಂತ ಮೇಲಿನ ಹಂತದ ಕೌಂಟಿ ಕೌನ್ಸಿಲ್ ಚುನಾವಣೆ. ನಮ್ಮ ರಾಜ್ಯಸಭೆಯ ಹಾಗೆ, ಮನೆ ಪೂರ್ತಿ ಯಾವತ್ತೂ ಖಾಲಿಯಾಗುವುದಿಲ್ಲ. ಈ ಪದ್ಧತಿಯಲ್ಲಿ ಜನಕ್ಕೆ ಎಷ್ಟೇ ಸಿಟ್ಟು ಬಂದರೂ ಒಂದೇ ಮೇ ತಿಂಗಳ ಚುನಾವಣೆಯಲ್ಲಿ ಕೌನ್ಸಿಲನ್ನು ಮಗುಚಿ ಹಾಕುವುದು ಕಷ್ಟ.

2018ರಲ್ಲಿ ಎರಡು ಒಟ್ಟಿಗೆ ಆದವು. ವಾರ್ಡುಗಳ ಗಡಿ ಹೊಸದಾಗಿ ಬರೆದು ಸ್ಥಾನಗಳನ್ನು 45ಕ್ಕೆ ಇಳಿಸಿದರು. ನಾಲ್ಕು ವರ್ಷಕ್ಕೊಮ್ಮೆ ಎಲ್ಲ ಸ್ಥಾನಕ್ಕೂ ಒಟ್ಟಿಗೆ ಚುನಾವಣೆ ಅಂತ ಮಾಡಿದರು. ಜನ ಮಗುಚಿಯೇ ಹಾಕಿದರು. ಲಿಬರಲ್ ಡೆಮಾಕ್ರಾಟ್ 30, ಕನ್ಸರ್ವೇಟಿವ್ 11, ಲೇಬರ್ 2, ಪಕ್ಷೇತರರು 2. ಅದಕ್ಕೆ ಎರಡು ವರ್ಷ ಮೊದಲು ಬ್ರೆಕ್ಸಿಟ್ ಜನಮತ ನಡೆದಾಗ ಇಲ್ಲಿನ ಶೇಕಡಾ 60ರಷ್ಟು ಜನ ಯೂರೋಪಿನಲ್ಲೇ ಇರೋಣ ಅಂದಿದ್ದರು, ಆದರೆ ಒಟ್ಟು ದೇಶ ಹೊರಗೆ ಬರೋಣ ಅಂದಿತು. ಆ ಸಿಟ್ಟು ಬಿನ್ನು ಎತ್ತುವ ಕೌನ್ಸಿಲಿನ ಮೇಲೆ ತೀರಿತು ಅಂತ ನನಗನಿಸುತ್ತದೆ. ಹೊಸ ಮನೆಗಳನ್ನು ಎಲ್ಲೆಂದರಲ್ಲಿ ಕಟ್ಟುತ್ತಿದ್ದಾರೆ ಎಂಬ ಹಳ್ಳಿಗಳ ಕೋಪವೂ ಸೇರಿಕೊಂಡಿರಬೇಕು. 2022ರಲ್ಲಿ ಅಲೆ ಇನ್ನೂ ಜಾಸ್ತಿ ಆಯಿತು: ಲಿಬರಲ್ ಡೆಮಾಕ್ರಾಟ್ 37, ಕನ್ಸರ್ವೇಟಿವ್ 8. ಬೇರೆ ಯಾರೂ ಇಲ್ಲ.

ಆ ‘ಬೇರೆ ಯಾರೂ ಇಲ್ಲ’ ನನಗೆ ಸ್ವಲ್ಪ ಚುಚ್ಚುತ್ತದೆ. ಲೇಬರ್, ಗ್ರೀನ್ ಪಾರ್ಟಿಗಳಿಗೆ ಸಾವಿರಾರು ಜನ ಓಟು ಹಾಕಿದ್ದರು, ಒಂದು ಕುರ್ಚಿಯೂ ಸಿಗಲಿಲ್ಲ. ಇಲ್ಲೂ ನಮ್ಮಲ್ಲಿಯ ಹಾಗೇ, ಯಾರಿಗೆ ಜಾಸ್ತಿ ಬಂತೋ ಅವರು ಗೆದ್ದರು. ಒಂದು ವ್ಯತ್ಯಾಸ ಏನೆಂದರೆ, ಕೆಲವು ವಾರ್ಡುಗಳಲ್ಲಿ ಇಬ್ಬರು ಮೂವರನ್ನು ಒಟ್ಟಿಗೆ ಆರಿಸುತ್ತಾರೆ. ಮೂರು ಸ್ಥಾನ ಇದ್ದರೆ ಒಂದೇ ಚೀಟಿಯಲ್ಲಿ ಮೂರು ಗುರುತು ಹಾಕಬಹುದು. ಮೂರೂ ಹಾಕಲೇಬೇಕು ಅಂತಿಲ್ಲ, ನಾಲ್ಕು ಹಾಕಿದರೆ ಮಾತ್ರ ಕೆಟ್ಟಿತು.

ಈ ಕೌನ್ಸಿಲ್ ಏನು ಮಾಡುತ್ತದೆ ಅಂತ ಕೇಳುವವರಿಗೆ: ಬಿನ್ನು ಎತ್ತುತ್ತದೆ. ನಿಮ್ಮ ಮನೆ ಹಿಂದೆ ಕೋಣೆ ಕಟ್ಟಲು ಅನುಮತಿ ಕೊಡುತ್ತದೆ, ಇಲ್ಲವೇ ಕೊಡುವುದಿಲ್ಲ. ಹೋಟೆಲಿನ ಅಡುಗೆಮನೆ ತಪಾಸಣೆ, ಟ್ಯಾಕ್ಸಿ ಲೈಸೆನ್ಸು, ಕೌನ್ಸಿಲ್ ಮನೆಗಳು, ಕೌನ್ಸಿಲ್ ಟ್ಯಾಕ್ಸ್ ವಸೂಲಿ, ಎಲ್ಲ ಇವರದೇ. ರಸ್ತೆ ಗುಂಡಿ, ಶಾಲೆ, ಲೈಬ್ರರಿ ಮಾತ್ರ ಇವರದಲ್ಲ, ಅದು ಕೌಂಟಿ ಕೌನ್ಸಿಲಿನದು. ಗುಂಡಿಯ ಬಗ್ಗೆ ಡಿಸ್ಟ್ರಿಕ್ಟ್ ಕೌನ್ಸಿಲರಿಗೆ ಬೈದರೆ ಅವರು ನಗುತ್ತಾ ಕೌಂಟಿ ಕಡೆ ಕೈ ತೋರಿಸುತ್ತಾರೆ. ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಆಟ ನೋಡಿದವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ.

ದೇಶಕ್ಕೆಲ್ಲ ಈ ಕೌನ್ಸಿಲಿನ ಹೆಸರು ಗೊತ್ತಾದದ್ದು ನಾಲ್ಕು ದಿನದ ವಾರದಿಂದ. 2023ರ ಜನವರಿಯಲ್ಲಿ ಸಿಬ್ಬಂದಿಗೆ ಪ್ರಯೋಗ ಶುರು ಮಾಡಿದರು. ಐದು ದಿನದ ಕೆಲಸ ನಾಲ್ಕು ದಿನದಲ್ಲಿ, ಸಂಬಳ ಅಷ್ಟೇ. ಆಗಿನ ಸರ್ಕಾರದ ಮಂತ್ರಿ ನಿಲ್ಲಿಸಿ ಅಂತ ಪತ್ರ ಬರೆದರು. ಇವರು ನಿಲ್ಲಿಸಲಿಲ್ಲ. ಈ ವರ್ಷ ಜುಲೈನಲ್ಲಿ ಕೌನ್ಸಿಲರುಗಳು ಓಟು ಹಾಕಿ ಕಾಯಂ ಮಾಡಿದರು. ಸರಿಯೋ ತಪ್ಪೋ, ಅವತ್ತು ಊಟದ ಸಾಲಿನಲ್ಲಿ ನೀವೆಲ್ಲ ಇದರ ಬಗ್ಗೆ ಜೋರಾಗಿ ವಾದ ಮಾಡಿದಿರಿ. ವಾದ ಮಾಡಿದ ಐದು ಜನರಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದದ್ದು ಒಬ್ಬರದು.

ಇಂಥ ಚುನಾವಣೆಗೆ ಸಾಮಾನ್ಯವಾಗಿ ಮೂವರಲ್ಲಿ ಒಬ್ಬರು ಬಂದರೆ ದೊಡ್ಡದು. ಹಾಗಾಗಿ ಒಂದು ವಾರ್ಡಿನ ಹಣೆಬರಹ ಬರೆಯಲು ಜಾಸ್ತಿ ಜನ ಬೇಕಾಗುವುದಿಲ್ಲ. ಓಟು ಸಮ ಆದರೆ ಚೀಟಿ ಎತ್ತುತ್ತಾರೆ, ಇದು ಕಾನೂನು. 2017ರಲ್ಲಿ ಉತ್ತರದ ನಾರ್ದಂಬರ್‌ಲ್ಯಾಂಡ್ ಕೌಂಟಿಯ ಸೌತ್ ಬ್ಲೈತ್ ವಾರ್ಡಿನಲ್ಲಿ ಹಾಗೇ ಆಯಿತು. ಇಬ್ಬರಿಗೂ ಸಮ ಸಮ. ಅಭ್ಯರ್ಥಿಗಳು ಕಡ್ಡಿ ಎತ್ತಿದರು. ಲಿಬರಲ್ ಡೆಮಾಕ್ರಾಟ್‌ಗೆ ಉದ್ದದ ಕಡ್ಡಿ ಬಂತು, ಕನ್ಸರ್ವೇಟಿವ್ ಪಾರ್ಟಿಗೆ 67ರಲ್ಲಿ 33 ಸ್ಥಾನವಾಗಿ ಒಂದೇ ಒಂದರಿಂದ ಬಹುಮತ ತಪ್ಪಿತು. ಆ ವಾರ್ಡಿನಲ್ಲಿ ಮಳೆ, ತಲೆನೋವು, ಕ್ರಿಕೆಟ್ಟು ಅಂತ ಮನೆಯಲ್ಲಿ ಕೂತವರು ಎಷ್ಟು ಜನ ಇದ್ದರೋ ಅಂತ ಯೋಚಿಸುತ್ತಿರುತ್ತೇನೆ.

ಓಟು ಹಾಕುವುದು ಅಷ್ಟೇ ಅಲ್ಲ, ನಿಲ್ಲಲೂಬಹುದು. ಅದಕ್ಕೆ ಮಾತ್ರ ಖಾಯಂ ವಾಸದ ಅನುಮತಿ, ಅಂದರೆ ನಾವು ಐಎಲ್‌ಆರ್ ಅನ್ನುತ್ತೇವಲ್ಲ, ಅದು ಬೇಕು. ಪಾಸ್‌ಪೋರ್ಟ್ ಭಾರತದ್ದೇ ಇರಲಿ. ಠೇವಣಿ ಕಟ್ಟಬೇಕಿಲ್ಲ. ನಾಮಪತ್ರಕ್ಕೆ ಇಬ್ಬರು ಮತದಾರರ ಸಹಿ ಸಾಕು. ಮುಂದೆ ಭಾರತದ ರಕ್ಷಣಾ ಮಂತ್ರಿಯಾದ ವಿ. ಕೆ. ಕೃಷ್ಣ ಮೆನನ್ 1934ರಲ್ಲಿ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಿಂದ ಗೆದ್ದು 1947ರವರೆಗೆ ಅಲ್ಲಿನ ಕೌನ್ಸಿಲರ್ ಆಗಿದ್ದರು. ಭಾರತದ ಸ್ವಾತಂತ್ರ್ಯದ ಕೆಲಸ ಒಂದು ಕಡೆ, ಲಂಡನ್ನಿನ ವಾರ್ಡಿನ ಕೆಲಸ ಇನ್ನೊಂದು ಕಡೆ. ನಮ್ಮವರೇ ಬೇಕೆಂದರೆ ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಇದ್ದಾರೆ. ಲಂಡನ್ನಿನ ಲ್ಯಾಂಬೆತ್ ಕೌನ್ಸಿಲರಾಗಿ, 2010–11ರಲ್ಲಿ ಅಲ್ಲಿನ ಮೇಯರ್ ಆದರು. ಥೇಮ್ಸ್ ನದಿ ದಂಡೆಯ ಬಸವಣ್ಣನವರ ಪ್ರತಿಮೆಯ ಮುಂದೆ ನೀವೆಲ್ಲ ಫೋಟೋ ತೆಗೆಸಿಕೊಂಡಿದ್ದೀರಲ್ಲ, ಅದರ ಹಿಂದೆ ಅವರ ಓಡಾಟ ಇದೆ. ಆ ಪ್ರತಿಮೆ ನಿಂತಿರುವುದೂ ಲ್ಯಾಂಬೆತ್‌ನಲ್ಲೇ.

ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಅವಸರ ಅಂದರೆ, ಈ ಕೌನ್ಸಿಲಿಗೆ ಜಾಸ್ತಿ ಆಯಸ್ಸಿಲ್ಲ. ಕಳೆದ ವರ್ಷ ಡಿಸೆಂಬರ್‌ನಲ್ಲಿ ಸರ್ಕಾರ, ಕೌಂಟಿ ಮತ್ತು ಡಿಸ್ಟ್ರಿಕ್ಟ್ ಎಂಬ ಎರಡು ಅಂತಸ್ತು ಬೇಡ, ಎರಡನ್ನೂ ಸೇರಿಸಿ ಒಂದೇ ಕೌನ್ಸಿಲ್ ಮಾಡುತ್ತೇವೆ ಅಂತ ಹೇಳಿತು. ನಮ್ಮ ಭಾಗದ ಕೌನ್ಸಿಲ್‌ಗಳು ಯಾರು ಯಾರ ಜೊತೆ ಸೇರಬೇಕು ಅಂತ ಇದೇ ತಿಂಗಳು 28ರೊಳಗೆ ಯೋಜನೆ ಕಳಿಸಬೇಕು. 2028ರ ಏಪ್ರಿಲ್‌ಗೆ ಹೊಸ ವ್ಯವಸ್ಥೆ ಬರಬೇಕೆಂಬುದು ಸರ್ಕಾರದ ಗುರಿ. ಹಾಗಾದರೆ 2026ರ ಮೇ 7ಕ್ಕೆ ನಡೆಯಬೇಕಿರುವ ಚುನಾವಣೆಯೇ ಸೌತ್ ಕೇಂಬ್ರಿಜ್‌ಶೈರ್ ಡಿಸ್ಟ್ರಿಕ್ಟ್ ಕೌನ್ಸಿಲಿನ ಕೊನೆಯ ದೊಡ್ಡ ಚುನಾವಣೆ ಆಗಬಹುದು. ಅದರಲ್ಲಿ ಗೆದ್ದವರೇ ಕೌನ್ಸಿಲನ್ನು ಹೊಸ ಮನೆಗೆ ಒಪ್ಪಿಸಿಕೊಡುತ್ತಾರೆ.

ಚುನಾವಣೆ ಕೈ ತಪ್ಪುವುದು ಎಷ್ಟು ಸುಲಭ ಅಂತ ಈ ವರ್ಷವೇ ನೋಡಿದೆವು. ಇದೇ ಮರುಜೋಡಣೆಯ ನೆಪದಲ್ಲಿ ಎಸೆಕ್ಸ್, ಸರ್ರಿ, ನಾರ್ಫಕ್, ಸಫಕ್ ಸೇರಿ ಒಂಬತ್ತು ಕೌನ್ಸಿಲ್‌ಗಳ ಮೇ ಚುನಾವಣೆ ಮುಂದೂಡಿದರು. ನೋಡಿ ನನಗೆ ಊರಿನ ನೆನಪಾಯಿತು. ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿದೆ, ಬೆಂಗಳೂರಿನ ಪಾಲಿಕೆಯದು 2020ರಲ್ಲಿ. ಇವತ್ತಿನವರೆಗೂ ಚುನಾವಣೆ ಇಲ್ಲ. ಅಲ್ಲಿ ಓಟು ಹಾಕಲು ಚುನಾವಣೆಯೇ ಇಲ್ಲ, ಇಲ್ಲಿ ಚುನಾವಣೆ ಇದ್ದರೂ ನಾವಿಲ್ಲ.

ಮಾಡಬೇಕಾದದ್ದು ಇಷ್ಟೇ. ಹೆಸರು ಸೇರಿಸುವುದು ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಹತ್ತಿರ ಇಟ್ಟುಕೊಳ್ಳಿ. ಮೇ 7ರ ಚುನಾವಣೆಗೆ ಕೊನೆಯ ದಿನ ಏಪ್ರಿಲ್ 20. ಬೂತು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ, ಆಫೀಸಿನ ನೆಪ ನಡೆಯುವುದಿಲ್ಲ. ಬೆರಳಿಗೆ ಶಾಯಿ ಹಚ್ಚುವುದಿಲ್ಲ, ಸೆಲ್ಫಿ ಪ್ರಿಯರು ಕ್ಷಮಿಸಬೇಕು. ಮಷೀನೂ ಇಲ್ಲ. ಪ್ಲೈವುಡ್ ಗೂಡಿನಲ್ಲಿ ದಾರ ಕಟ್ಟಿದ ಒಂದು ಪೆನ್ಸಿಲ್ ಇರುತ್ತದೆ, ಹೆಸರಿನ ಮುಂದೆ ಗುಣಾಕಾರದ ಗುರುತು ಹಾಕಿ ಮಡಚಿ ಡಬ್ಬಿಗೆ ಹಾಕುವುದು. ಹೊರಗೆ ಬಣ್ಣದ ರಿಬ್ಬನ್ ಹೂವು ಚುಚ್ಚಿಕೊಂಡು ಕೂತವರು ಮತದಾರರ ಪಟ್ಟಿಯಲ್ಲಿರುವ ನಿಮ್ಮ ನಂಬರ್ ಕೇಳಬಹುದು. ಅವರು ಪಾರ್ಟಿಯವರು, ಅಧಿಕಾರಿಗಳಲ್ಲ. ಇಷ್ಟವಿದ್ದರೆ ಹೇಳಿ, ಇಲ್ಲದಿದ್ದರೆ ನಮಸ್ಕಾರ ಹೇಳಿ ಒಳಗೆ ಹೋಗಿ.

2023ರಿಂದ ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು. ಹೋದ ವರ್ಷ ನಮ್ಮ ಗೆಳೆಯರ ಮಗ ವಿದ್ಯಾರ್ಥಿಗಳ ರೈಲ್‌ಕಾರ್ಡ್ ಹಿಡಿದು ಹೋಗಿ ಮುಖ ಸಪ್ಪೆ ಮಾಡಿಕೊಂಡು ವಾಪಸ್ ಬಂದ. ಅಜ್ಜ ಅಜ್ಜಿಯರ ಬಸ್ ಪಾಸ್ ನಡೆಯುತ್ತದೆ, ಹುಡುಗರ ರೈಲ್‌ಕಾರ್ಡ್ ನಡೆಯುವುದಿಲ್ಲ. ಇದು ಯಾವ ನ್ಯಾಯವೋ ನನಗೆ ತಿಳಿಯದು. ಆದರೆ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಕಾಮನ್‌ವೆಲ್ತ್ ದೇಶಗಳ ಪಾಸ್‌ಪೋರ್ಟ್ ಪಟ್ಟಿಯಲ್ಲೇ ಇದೆ. ಯಾವ ಪಾಸ್‌ಪೋರ್ಟ್ ತೋರಿಸಿ ‘ನಮಗೆಲ್ಲಿಯ ಓಟು’ ಅಂದಿರೋ ಅದನ್ನೇ ಬೂತಿನಲ್ಲಿ ತೋರಿಸಬಹುದು.

ಯಾರಿಗೆ ಹಾಕಬೇಕು ಅಂತ ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲೇ ಇಬ್ಬರದು ಎರಡು ಪಾರ್ಟಿ. ಫಾರ್ಮ್ ತುಂಬುವಾಗ ಏನಾದರೂ ತೊಡಕಾದರೆ ಜನವರಿಯ ಶನಿವಾರಗಳಲ್ಲಿ ಸಂಜೆ ನಮ್ಮ ಮನೆಗೆ ಬನ್ನಿ. ಲ್ಯಾಪ್‌ಟಾಪ್ ತೆರೆದಿರುತ್ತದೆ, ಫಿಲ್ಟರ್ ಕಾಫಿ ಇರುತ್ತದೆ. ಸಂಕ್ರಾಂತಿ ಆದ ಮೇಲೆ ಬಂದರೆ ಎಳ್ಳುಬೆಲ್ಲವೂ ಉಳಿದಿರಬಹುದು.

ನಿಮ್ಮ,
ಬಾತಿನ ಸಾಲಿನಲ್ಲಿ ಪ್ರಶ್ನೆ ಕೇಳಿ ತಲೆ ತಿಂದ ನೆರೆಮನೆಯವರು